ಗುಂಡು ಎರೆಯುವ ಮೊದಲು ಕೈ ಪಳಗಲಿ

ಹಲಸೂರು, ಬೆಂಗಳೂರು

ಪ್ರೀತಿಯ ಪುಟ್ಟಿ,

ನಿನ್ನ ಪ್ರಶ್ನೆ ಓದಿದೆ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ರೈಫಲ್ಲಿನ ಗುಂಡನ್ನು ಮನೆಯಲ್ಲೇ ಮಾಡಿಕೊಳ್ಳುವ ಅಮೆರಿಕದವರ ವಿಡಿಯೊ ನೋಡಿ ನಿನಗೂ ಆಸೆ ಹುಟ್ಟಿದೆ. ‘ಅಜ್ಜ, ಎಲ್ಲಿಂದ ಶುರು ಮಾಡಲಿ?’ ಅಂತ ಕೇಳಿದ್ದೀಯ. ಫೋನಿನಲ್ಲಿ ‘ಬೇಡಮ್ಮ’ ಅಂದು ಮುಗಿಸಬಹುದಿತ್ತು. ಆದರೆ ನೀನು ಮೆಕ್ಯಾನಿಕಲ್ ಓದುತ್ತಿರುವ ಹುಡುಗಿ. ಮಿಕ್ಸಿ ಕೆಟ್ಟರೂ ಬಿಚ್ಚಿ ನೋಡದೆ ಬಿಡುವವಳಲ್ಲ. ನಿನಗೆ ಕಾರಣ ಬೇಕು, ಕಾರಣದ ಜೊತೆಗೆ ಒಂದು ದಾರಿಯೂ ಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ (ಎಂ.ಇ.ಜಿ.) ರೈಫಲ್ ಹಿಡಿದು ಆಯುಷ್ಯ ಕಳೆದ ಅಜ್ಜ ಅಷ್ಟನ್ನಾದರೂ ಕೊಡಬೇಕಲ್ಲ, ಅದಕ್ಕೇ ಈ ಕಾಗದ.

ಮೊದಲು ಆ ವಿದ್ಯೆ ಏನು ಅಂತ ತಿಳಿದುಕೊ. ಒಂದು ತೋಟೆಯಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಉಳಿಯುವುದು ಹಿತ್ತಾಳೆ ಕೇಸು ಮಾತ್ರ. ಅದನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಹೊಸ ಗುಂಡು ಕೂರಿಸಿದರೆ ತೋಟೆ ಮತ್ತೆ ಸಿದ್ಧ. ಗುಂಡನ್ನೂ ಅಂಗಡಿಯಿಂದ ತಾರದೆ ತಾವೇ ಎರೆದುಕೊಳ್ಳುವವರು ಇನ್ನೊಂದು ಹೆಜ್ಜೆ ಮುಂದೆ ಹೋದವರು.

ಬರೀ ಸೀಸ ತುಂಬ ಮೆದು. 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ರೈಫಲ್ಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳಿರುತ್ತವಲ್ಲ, ವೇಗ ಹೆಚ್ಚಾದರೆ ಮೆದು ಸೀಸ ಆ ಗೀರುಗಳ ಹಿಡಿತ ತಪ್ಪಿ ಜಾರುತ್ತದೆ, ನಳಿಗೆಗೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ತವರ ಮತ್ತು ಆಂಟಿಮನಿ ಬೆರೆಸುತ್ತಾರೆ. ತವರ ಸೇರಿದರೆ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಆಂಟಿಮನಿ ಸೇರಿದರೆ ಗಟ್ಟಿಯಾಗುತ್ತದೆ. ಶಿವಾಜಿನಗರದ ಹಳೆಯ ಪ್ರೆಸ್ಸುಗಳಲ್ಲಿ ಕಂಪೋಜಿಟರುಗಳು ಜೋಡಿಸುತ್ತಿದ್ದ ಅಚ್ಚುಮೊಳೆಗಳಲ್ಲಿ ಇದ್ದದ್ದೂ ಇವೇ ಮೂರು ಲೋಹ. ಅಮೆರಿಕದಲ್ಲಿ ಗುಂಡು ಎರೆಯುವವರು ಹಳೆಯ ಲಿನೋಟೈಪ್ ಲೋಹಕ್ಕಾಗಿ ಮುಚ್ಚಿಹೋದ ಪ್ರೆಸ್ಸುಗಳನ್ನು ಹುಡುಕಿದ್ದು ಇದಕ್ಕೇ.

ಎರೆದ ಗುಂಡು ನಳಿಗೆಯ ಗೀರಿನ ಅಳತೆಗಿಂತ ಕೂದಲೆಳೆಯಷ್ಟು, ಸಾಮಾನ್ಯವಾಗಿ ಇಂಚಿನ ಸಾವಿರದಲ್ಲೊಂದು ಭಾಗದಷ್ಟು, ದಪ್ಪವಿರಬೇಕು. ಇಲ್ಲದಿದ್ದರೆ ಬಿಸಿ ಅನಿಲ ಪಕ್ಕದಿಂದ ನುಸುಳಿ ಸೀಸವನ್ನು ಕೊರೆಯುತ್ತದೆ. ಅದರ ಮೈಗೆ ಮೇಣ, ಜಿಡ್ಡು ಹಚ್ಚುತ್ತಾರೆ. ವೇಗ ಇನ್ನೂ ಬೇಕೆನ್ನುವವರು ತಳಕ್ಕೆ ತಾಮ್ರದ ಪುಟ್ಟ ಬಟ್ಟಲು ತೊಡಿಸುತ್ತಾರೆ. ಈ ಜಿಡ್ಡಿನ ವಿಷಯ ನಮ್ಮ ಇತಿಹಾಸಕ್ಕೂ ಹೊಸದಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆಯ ಹತ್ತಿರದ ಡಮ್‌ಡಮ್‌ನಿಂದ ಹಬ್ಬಿ ಸಿಪಾಯಿ ದಂಗೆಗೆ ಕಿಡಿಯಾದ ಸುದ್ದಿ, ಎನ್‌ಫೀಲ್ಡ್ ರೈಫಲ್ಲಿನ ತೋಟೆಗೆ ಹಚ್ಚಿದ ಕೊಬ್ಬಿನದ್ದೇ. 1886ರಲ್ಲಿ ಫ್ರಾನ್ಸ್ ಹೊಗೆಯಿಲ್ಲದ ಮದ್ದಿನ ರೈಫಲ್ ತಂದ ಮೇಲೆ ವೇಗ ಎಷ್ಟು ಏರಿತೆಂದರೆ ಸೀಸವೊಂದೇ ತಾಳಲಾರದೆ ಗುಂಡಿಗೆ ತಾಮ್ರದ ಕವಚ ಬಂತು. ಇವತ್ತು ಸೀಸದ ಗುಂಡು ಎರೆಯುವವರು ಹೆಚ್ಚಾಗಿ ಹಳೆಯ ರೈಫಲ್ಲುಗಳನ್ನು ಪ್ರೀತಿಸುವವರು, ಖರ್ಚು ಉಳಿಸುವವರು, ನಿಧಾನ ವೇಗದ ಗುಂಡಿನಲ್ಲಿ ನಿಖರತೆ ಹುಡುಕುವವರು.

ಇನ್ನು ನಮ್ಮ ನೆಲದ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲಿ, ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ. ಆ ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ಸಿದ್ಧ ತೋಟೆಯಷ್ಟೇ ಅಲ್ಲ. ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಅದರೊಳಗೇ ಬರುತ್ತವೆ. 2019ರ ತಿದ್ದುಪಡಿಯ ಮೇಲೆ ಈ ಸೆಕ್ಷನ್ ಮೀರಿದರೆ ಶಿಕ್ಷೆ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಮದ್ದಿಗೆ ಸ್ಫೋಟಕಗಳ ಕಾಯ್ದೆ ಬೇರೆ ಇದೆ. ವಿಡಿಯೊದಲ್ಲಿ ಗ್ಯಾರೇಜಿನ ಮೇಜಿನ ಮೇಲೆ ಕಾಣುವ ಆ ಕೈಪ್ರೆಸ್ಸು, ಆ ಅಚ್ಚು ನಿನಗೆ ಬರೀ ಉಪಕರಣ. ಕೆ.ಆರ್. ಪುರದ ಅಪಾರ್ಟ್‌ಮೆಂಟಿನಲ್ಲಿ ಅವು ನಿನ್ನ ಓದು, ಪಾಸ್‌ಪೋರ್ಟ್, ಕೆಲಸ ಎಲ್ಲವನ್ನೂ ಒಟ್ಟಿಗೆ ಕಳೆದುಬಿಡಬಲ್ಲವು. ಆನ್‌ಲೈನಿನಲ್ಲಿ ಯಾರೋ ಮಾರುತ್ತಾರೆ ಅಂತ ತರಿಸಲೂ ಹೋಗಬೇಡ.

ನಿನ್ನ ಗೆಳತಿ ಕೊಡಗಿನವಳು, ಅವರ ಮನೆಯ ಕೋವಿಗೆ ಲೈಸೆನ್ಸೇ ಬೇಡವಂತೆ ಅಂತ ಬರೆದಿದ್ದೀಯ. ಅದು ನಿಜ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಆ ಜನರ ಶಿಸ್ತು ದೊಡ್ಡದು. ಆದರೆ ಆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮನೆಯಲ್ಲಿ ತೋಟೆ ತಯಾರಿಸುವುದಕ್ಕಲ್ಲ. ಅದನ್ನು ಅವಳಿಗೂ ತಿಳಿಸು.

ಕಾನೂನು ಹೀಗೆ ಬಿಗಿಯಾಗಿರುವುದಕ್ಕೆ ಕಾರಣವಿದೆ: ಮದ್ದಿನ ಪ್ರಯೋಗಕ್ಕೆ ತಕ್ಕ ಜಾಗ ಬೇಕು, ಮೇಲೆ ಹೊಣೆ ಹೊರುವವರಿರಬೇಕು. ನಮ್ಮ ಹಲಸೂರಿನ ಉದಾಹರಣೆಯನ್ನೇ ನೋಡು. ಮುಳ್ಳುತಂತಿಯ ಬೇಲಿಯನ್ನು ದೂರದಿಂದಲೇ ಸಿಡಿಸಿ ದಾರಿ ಮಾಡುವ ‘ಬೆಂಗಳೂರು ಟಾರ್ಪೆಡೊ’ 1912ರಲ್ಲಿ ರೂಪುಗೊಂಡದ್ದು ಇಲ್ಲಿನ ನಮ್ಮ ಪಲ್ಟನ್ನಾದ ಮದ್ರಾಸ್ ಸ್ಯಾಪರ್ಸ್‌ನಲ್ಲೇ, ಕ್ಯಾಪ್ಟನ್ ಮೆಕ್ಲಿಂಟಾಕ್ ಕೈಯಲ್ಲಿ. ಒಂದು ಕೊಳವೆಗೆ ಇನ್ನೊಂದನ್ನು ಜೋಡಿಸುತ್ತ ಉದ್ದ ಮಾಡುತ್ತ ಹೋಗುವ ಸರಳ ಯೋಚನೆ. ಎರಡು ಮಹಾಯುದ್ಧಗಳಲ್ಲೂ ಅದು ಬಳಕೆಯಾಯಿತು. ಅಷ್ಟು ಸರಳ ವಸ್ತುವನ್ನೂ ಮಾಡಿ ನೋಡಿದ್ದು ಪಲ್ಟನ್ನಿನ ಮೈದಾನದಲ್ಲಿ, ಶಿಸ್ತಿನ ಕಣ್ಣೆದುರಿನಲ್ಲಿ. 1780ರಿಂದ ನಡೆದುಬಂದಿರುವ ಈ ಪಲ್ಟನ್ನು ನಮ್ಮಂಥ ಸ್ಯಾಪರ್ ತಂಬಿಗಳಿಗೆ ಮೊದಲ ದಿನದಿಂದ ಕಲಿಸಿದ ಪಾಠವೂ ಅದೇ.

ಕಾನೂನನ್ನು ಬದಿಗಿಟ್ಟರೂ ಸೀಸದ ಮಾತು ಉಳಿಯುತ್ತದೆ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಅದು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೇ ಎರಚುತ್ತದೆ. ಆ ಅಪಾಯ ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಧೂಳು. ಕರಗಿಸಿದಾಗ ಮೇಲೆ ತೇಲುವ ಕಿಟ್ಟ ಪುಡಿಯಾಗಿ ಕೈಗೆ, ಬಟ್ಟೆಗೆ, ನೆಲಕ್ಕೆ ಅಂಟುತ್ತದೆ, ಊಟದ ಜೊತೆ ಹೊಟ್ಟೆ ಸೇರುತ್ತದೆ. ದೇಹದಲ್ಲಿ ಇಷ್ಟರವರೆಗೆ ಸೀಸ ಇದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಪ್ರೊ. ತುಪ್ಪಿಲ್ ವೆಂಕಟೇಶ್ ಈ ಒಂದೇ ವಿಷಯಕ್ಕೆ ತಮ್ಮ ಬದುಕು ಕೊಟ್ಟರು, ಜನರ ರಕ್ತದಲ್ಲಿನ ಸೀಸ ಅಳೆದು ದೇಶಕ್ಕೆ ಎಚ್ಚರಿಕೆ ಹೇಳಿದರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಗೆ ಹೋಯಿತು. ಅಷ್ಟು ಕಷ್ಟಪಟ್ಟು ಬೀದಿಯಿಂದ ಓಡಿಸಿದ ಸೀಸವನ್ನು ನಿನ್ನ ತಮ್ಮ ಓಡಾಡುವ ಮನೆಯ ಬಾಲ್ಕನಿಗೆ ನಾವೇ ಕರೆದು ಕೂರಿಸಬಾರದು.

ಇಷ್ಟು ಹೇಳಿದ ಮೇಲೆ ನಿನ್ನ ಆಸೆಗೆ ಏನು ಉಳಿಯಿತು ಅಂತ ಬೇಸರಪಡಬೇಡ. ತೋಟೆ ತುಂಬುವವರ ನಿಜವಾದ ವಿದ್ಯೆ ಸೀಸದಲ್ಲೂ ಇಲ್ಲ, ಮದ್ದಿನಲ್ಲೂ ಇಲ್ಲ. ಒಂದು ಗುಂಡು ಹೇಗೆ ಹೋಯಿತೋ ಮುಂದಿನದೂ ಹಾಗೇ ಹೋಗುವಂತೆ ಮಾಡುವುದು, ಅದೇ ವಿದ್ಯೆ. ಅದಕ್ಕಾಗಿ ಅವರು ಗುಂಡುಗಳನ್ನು ತೂಗಿ ವಿಂಗಡಿಸುತ್ತಾರೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ, ಒಂದೇ ಗುರಿಗೆ ಹಲವು ಗುಂಡು ಹೊಡೆದು ಅವು ಬಿದ್ದ ಗುಂಪನ್ನು ಅಳೆಯುತ್ತಾರೆ, ಬರೆದಿಡುತ್ತಾರೆ. ಸಾರಿಗೆ ಉಪ್ಪನ್ನೂ ಹುಳಿಯನ್ನೂ ಒಟ್ಟಿಗೆ ಹೆಚ್ಚಿಸಿದರೆ ರುಚಿ ಯಾವುದರಿಂದ ಕೆಟ್ಟಿತು ಅಂತ ನಿನ್ನ ಅಜ್ಜಿಗೂ ಗೊತ್ತಾಗುವುದಿಲ್ಲ. ಈ ವಿದ್ಯೆ ಪೂರ್ತಿಯಾಗಿ, ಕಾನೂನಿನ ಒಳಗೇ ನಿನ್ನ ಕೈಗೆ ಸಿಗುವ ಜಾಗ ಒಂದಿದೆ: ಹತ್ತು ಮೀಟರ್ ಏರ್ ರೈಫಲ್.

ಅದನ್ನು ಮಕ್ಕಳಾಟ ಅಂದುಕೊಳ್ಳಬೇಡ. ಗುರಿಕಾರ್ಡಿನ ಹತ್ತರ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಏರ್ ರೈಫಲ್ಲಿನ ಗುಂಡು, ಅಂದರೆ ಪೆಲೆಟ್ಟಿನ ಅಗಲವೇ 4.5 ಮಿಲಿಮೀಟರ್. ಈಗ ಅಂಕವನ್ನು ದಶಾಂಶದಲ್ಲಿ ಎಣಿಸುತ್ತಾರೆ, ನಟ್ಟನಡುವಿಗೆ 10.9. ಹತ್ತರ ದಶಾಂಶಕ್ಕೂ ದಶಾಂಶಕ್ಕೂ ನಡುವಿನ ಅಂತರ ಕಾಲು ಮಿಲಿಮೀಟರ್. ಹಾಗೆ ಅರವತ್ತು ಸಲ, 75 ನಿಮಿಷದಲ್ಲಿ, ನಿಂತುಕೊಂಡೇ ಹೊಡೆಯಬೇಕು. ರೈಫಲ್ಲಿನ ತೂಕ 5.5 ಕೆ.ಜಿ. ಮೀರುವಂತಿಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಈ ಹತ್ತು ಮೀಟರಿನಲ್ಲೇ. ಅವರ ಕೊನೆಯ ಹೊಡೆತ 10.8.

ಕಾನೂನೂ ಇಲ್ಲಿ ನಿನ್ನ ಪರವಾಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚಿನ ನಳಿಗೆಯ, 20 ಜೌಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ರೈಫಲ್ಲು ಅರ್ಧ ಗ್ರಾಮಿನ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಬಿಡುತ್ತದೆ. ಲೆಕ್ಕ ಹಾಕಿ ನೋಡು, ಏಳು ಜೌಲಿನ ಆಸುಪಾಸು ಬರುತ್ತದೆ. ಮದ್ದಿನ ಬಂದೂಕಿನ ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಆದರೆ ಕ್ಲಬ್ಬಿನ ತರಬೇತಿಗೆ ಅದಕ್ಕಿಂತ ಚಿಕ್ಕವರಿಗೂ ಅವಕಾಶವಿದೆ.

ಈಗ ಶುರು ಮಾಡುವ ಬಗೆ ಹೇಳುತ್ತೇನೆ. ಮೊದಲೇ ರೈಫಲ್ ಕೊಳ್ಳಬೇಡ. ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಿ, ಮಾನ್ಯತೆ ಪಡೆದ ಒಂದು ಕ್ಲಬ್ಬಿಗೆ ಸೇರು. ಇಂದಿರಾನಗರ, ಕೆ.ಆರ್. ಪುರದ ಕಡೆಯಿಂದ ಓಡಾಡಲು ಅನುಕೂಲವಾದದ್ದನ್ನು ನೋಡಿಕೊ. ಮೊದಲ ಕೆಲವು ತಿಂಗಳು ಅಲ್ಲಿನ ರೈಫಲ್ಲಿನಲ್ಲೇ ಕಲಿ. ನಿನ್ನ ಕೈ ಉದ್ದ, ಕುತ್ತಿಗೆ, ಭುಜ ಯಾವ ಅಳತೆ ಕೇಳುತ್ತವೆ ಅಂತ ತಿಳಿಯುವ ಮೊದಲು ಕೊಂಡ ರೈಫಲ್ಲು ದುಡ್ಡಿಗೆ ದಂಡ. ಇನ್ನೊಂದು ಮಾತು: ರೈಫಲ್ ಪೆಟ್ಟಿಗೆ ಹೊತ್ತು ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತುವ ಯೋಚನೆ ಮಾಡಬೇಡ. ಅಲ್ಲಿನ ತಪಾಸಣೆಯವರಿಗೂ ಪಕ್ಕದ ಪ್ರಯಾಣಿಕರಿಗೂ ಗಾಬರಿ. ಕಾಲೇಜಿನಲ್ಲಿ ಎನ್.ಸಿ.ಸಿ. ಇದ್ದರೆ ಅದಕ್ಕೂ ಹೆಸರು ಕೊಡು, 0.22 ರೈಫಲ್ಲಿನ ಪರಿಚಯ ಅಲ್ಲಿ ಶಿಸ್ತಿನಿಂದ ಆಗುತ್ತದೆ.

ರೇಂಜಿಗೆ ಕಾಲಿಟ್ಟ ಕ್ಷಣದಿಂದ ನಳಿಗೆ ಗುರಿಯ ಕಡೆಗೇ ಇರಲಿ. ಹೊಡೆಯದಿರುವಾಗ ನಳಿಗೆಯಲ್ಲಿ ಸುರಕ್ಷತಾ ದಾರ ಇರಲಿ. ಹೊಡೆಯಲು ಸಿದ್ಧಳಾಗುವವರೆಗೆ ಬೆರಳು ಟ್ರಿಗರಿಗೆ ಹೋಗಬಾರದು. ಗಾಳಿಯ ಬಂದೂಕು ತಾನೇ ಎಂಬ ಸಡಿಲು ಮಾತು ಯಾರ ಬಾಯಿಂದ ಬಂದರೂ ಕೇಳಬೇಡ. ಅದರ ಪೆಲೆಟ್ಟಿಗೂ ಕಣ್ಣು ತೆಗೆಯುವ ಶಕ್ತಿ ಇದೆ. ಗಾಳಿಯ ಸಿಲಿಂಡರಿಗೂ ಆಯುಷ್ಯದ ದಿನಾಂಕ ಕೆತ್ತಿರುತ್ತದೆ, ಹತ್ತು ವರ್ಷ ದಾಟಿದ್ದನ್ನು ಬಳಸಬೇಡ. ಪೆಲೆಟ್ಟೂ ಸೀಸದ್ದೇ. ರೇಂಜಿನಲ್ಲಿ ಏನೂ ತಿನ್ನಬೇಡ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದುಕೊಂಡೇ ಮನೆಗೆ ಬಾ.

ನಿಲುವು ಕಲಿಯುವಾಗ ಒಂದು ತತ್ವ ನೆನಪಿರಲಿ: ರೈಫಲ್ಲಿನ ಭಾರ ಹೊರಬೇಕಾದದ್ದು ಮೂಳೆ, ಸ್ನಾಯುವಲ್ಲ. ಎಡಮೊಣಕೈ ಸೊಂಟದ ಮೂಳೆಗೆ ಆನಿಕೊಳ್ಳಲಿ. ಸಿದ್ಧಳಾದ ಮೇಲೆ ಕಣ್ಣು ಮುಚ್ಚಿ ಎರಡು ಉಸಿರು ತೆಗೆದುಕೊಂಡು ಕಣ್ಣು ಬಿಡು. ಗುರಿ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ರೈಫಲ್ಲನ್ನು ಎಳೆಯಬೇಡ, ಕಾಲು ಜರುಗಿಸಿ ಮೈಯನ್ನೇ ತಿರುಗಿಸು. ಟ್ರಿಗರ್ ಒತ್ತಿದ ಮೇಲೂ ಹಾಗೇ ನಿಂತಿರು. ಪೆಲೆಟ್ಟು ನಿಧಾನದ್ದು, ಹತ್ತು ಮೀಟರ್ ದಾಟಲು ಸೆಕೆಂಡಿನ ನೂರರಲ್ಲಿ ಆರು ಭಾಗ ಬೇಕು. ನಳಿಗೆಯೊಳಗೂ ಅದು ನಿಧಾನವೇ, ಅದು ನಳಿಗೆ ಬಿಡುವ ಮೊದಲೇ ನೀನು ಅಲುಗಿದರೆ ಕಾರ್ಡು ಅದನ್ನು ತೋರಿಸಿಬಿಡುತ್ತದೆ. ಎರೆದ ಸೀಸದ ಗುಂಡು ಹೊಡೆಯುವವರೂ ತಮ್ಮ ನಿಧಾನದ ಗುಂಡಿನಿಂದ ಕಲಿಯುವುದು ಇದೇ ತಾಳ್ಮೆಯನ್ನು. ಮನೆಯಲ್ಲಿ ಗೋಡೆಗೆ ಚುಕ್ಕಿ ಅಂಟಿಸಿ ಬರಿಗೈಯಲ್ಲೇ ನಿಲುವನ್ನು, ಉಸಿರನ್ನು ಅಭ್ಯಾಸ ಮಾಡಬಹುದು. ಮುಂದೆ ನಿನ್ನದೇ ರೈಫಲ್ ಬಂದಾಗ ಪೆಲೆಟ್ ಇಲ್ಲದೆ ಟ್ರಿಗರ್ ಅಭ್ಯಾಸ ಮಾಡು. ಆಮೇಲೆ ಅದು ಬೀಗದೊಳಗೇ ಇರಬೇಕು, ತಮ್ಮನ ಕೈಗೆ ಸಿಗಬಾರದು.

ಈಗ ನಿನ್ನ ಎಂಜಿನಿಯರ್ ಬುದ್ಧಿಗೆ ಕೆಲಸ. ಪೆಲೆಟ್ಟುಗಳ ಡಬ್ಬಿಯ ಮೇಲೆ ತಲೆಯ ಅಳತೆ ಬರೆದಿರುತ್ತದೆ: 4.48, 4.49, 4.50, 4.51. ಮಿಲಿಮೀಟರಿನ ನೂರನೇ ಒಂದು ಭಾಗದ ವ್ಯತ್ಯಾಸವೂ ನಳಿಗೆಗೆ ಗೊತ್ತಾಗುತ್ತದೆ. ಒಂದೇ ಕಂಪನಿಯ ಒಂದೇ ಅಳತೆಯ ಪೆಲೆಟ್ಟು ಕೂಡ ಬೇರೆ ದಿನ, ಬೇರೆ ಅಚ್ಚಿನಲ್ಲಿ ತಯಾರಾಗಿದ್ದರೆ ಬೇರೆ ರೀತಿ ಹೋಗುತ್ತದೆ. ಅದಕ್ಕೇ ದೊಡ್ಡ ಸ್ಪರ್ಧಿಗಳು ಲಾಟ್ ಪರೀಕ್ಷೆ ಮಾಡುತ್ತಾರೆ. ರೈಫಲ್ಲನ್ನು ಅಲುಗದಂತೆ ವೈಸಿನಲ್ಲಿ ಕಚ್ಚಿಸಿ, ಒಂದೊಂದು ಲಾಟಿನಿಂದ ಹತ್ತು ಹತ್ತು ಹೊಡೆದು, ಯಾವುದರ ಗುಂಪು ಬಿಗಿಯಾಗಿದೆ ಅಂತ ಅಳೆದು, ಆ ಲಾಟನ್ನೇ ಒಟ್ಟಿಗೆ ಕೊಂಡಿಡುತ್ತಾರೆ. ವರ್ನಿಯರ್, ತಕ್ಕಡಿ, ಸರಾಸರಿ, ಹರವು, ನೀನು ಕ್ಲಾಸಿನಲ್ಲಿ ಓದುವುದೆಲ್ಲ ಇಲ್ಲಿ ಕೈಗೆ ಬರುತ್ತದೆ. ತೋಟೆ ತುಂಬುವವರು ವರ್ಷಗಟ್ಟಲೆ ಹುಡುಕುವ ಸುಖ ಇದೇ, ಸೀಸದ ಬಾಣಲೆ ಇಲ್ಲದೆ.

ಒಂದು ನೋಟುಪುಸ್ತಕ ಇಟ್ಟುಕೊ. ದಿನಾಂಕ, ಲಾಟಿನ ನಂಬರು, ರೈಫಲ್ಲಿನ ಸೈಟನ್ನು ಎಷ್ಟು ಕ್ಲಿಕ್ಕು ತಿರುಗಿಸಿದೆ, ಆ ದಿನ ನಿದ್ದೆ ಹೇಗಿತ್ತು, ಪ್ರತಿ ಹತ್ತು ಹೊಡೆತದ ಅಂಕ ಎಷ್ಟು, ಎಲ್ಲ ಬರೆ. ಒಂದು ವಾರದಲ್ಲಿ ಪೆಲೆಟ್ ಬದಲಿಸಿದರೆ ನಿಲುವು ಬದಲಿಸಬೇಡ. ನಿಲುವು ಬದಲಿಸಿದರೆ ಶೂಟಿಂಗ್ ಜಾಕೆಟ್ಟಿನ ಗುಂಡಿಯನ್ನೂ ಮುಟ್ಟಬೇಡ. ಅಂಕ ಬಿದ್ದ ದಿನದ ಪುಟವನ್ನು ಬಿಟ್ಟುಬಿಡಬೇಡ. ಮುಂದೆ ನಿನಗೆ ಹೆಚ್ಚು ಕಲಿಸುವುದು ಆ ಪುಟವೇ.

ಈ ಊರಿನಿಂದಲೇ ದೂರ ಹೋದವರಿದ್ದಾರೆ. ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. 2013ರಲ್ಲಿ ಸ್ಪರ್ಧೆಗೆ ಹೋದಲ್ಲಿ ಮುಖಕ್ಕೆ ಪಾರ್ಶ್ವವಾಯು ಬಡಿಯಿತು. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು, 2016ರಲ್ಲಿ ರಿಯೊ ಒಲಿಂಪಿಕ್ಸಿಗೆ ಹೋದರು. ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏರ್ ಪಿಸ್ತೂಲಿನ ಎರಡು ಬೆಳ್ಳಿ ಗೆದ್ದರು. ಬೆಂಗಳೂರಲ್ಲಿ ಬೆಳೆದ ತಿಲೋತ್ತಮಾ ಸೇನ್ 2023ರ ಕೈರೊ ವಿಶ್ವಕಪ್ಪಿನಲ್ಲಿ, ನೀನು ಕಲಿಯಲಿರುವ ಏರ್ ರೈಫಲ್ಲಿನಲ್ಲೇ, ಕಂಚು ಗೆದ್ದಾಗ ಹದಿನಾಲ್ಕು ವರ್ಷದ ಹುಡುಗಿ. ನೀನು ಅಲ್ಲಿಗೆ ಮುಟ್ಟಲೇಬೇಕು ಅಂತ ನಾನು ಹೇಳುತ್ತಿಲ್ಲ. ದಾರಿ ಇದೆ, ಅದು ಬೆಳಕಿನಲ್ಲಿದೆ, ಅದರಲ್ಲಿ ನಡೆದವರು ನಮ್ಮವರೇ ಅಂತ ತಿಳಿದಿರಲಿ.

ಮುಂದೆಂದಾದರೂ ನಿನಗೆ ಮದ್ದುಗುಂಡಿನ ವಿಜ್ಞಾನವೇ ಬೇಕೆನಿಸಿದರೆ ಅದಕ್ಕೂ ಈ ದೇಶದಲ್ಲಿ ಸರಿಯಾದ ಬಾಗಿಲುಗಳಿವೆ: ಲೋಹಶಾಸ್ತ್ರದ ಉನ್ನತ ಓದು, ರಕ್ಷಣಾ ಸಂಶೋಧನೆ, ಸೇನೆಯ ತಾಂತ್ರಿಕ ವಿಭಾಗ. ನಿನ್ನ ಕುತೂಹಲ ಅಂಥ ಕಡೆ ಬೆಳೆದರೆ ನನಗಿಂತ ಹೆಮ್ಮೆಪಡುವವರು ಯಾರು?

ಈ ಭಾನುವಾರ ಕ್ಲಬ್ಬಿಗೆ ಹೋಗಿ ಹೆಸರು ಬರೆಸು, ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗು. ನೋಟುಪುಸ್ತಕದ ಮೊದಲ ಪುಟ ತುಂಬಿದ ದಿನ ಅಂಕ ಎಷ್ಟೇ ಇರಲಿ, ಅದರ ಫೋಟೊ ನನಗೆ ಕಳಿಸು. ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು ಅಂತ ಇಬ್ಬರೂ ಕೂತು ನೋಡೋಣ.

ಇಂತಿ ನಿನ್ನ ಪ್ರೀತಿಯ
ಅಜ್ಜ